ಇಪ್ಪತ್ತೈದು ಮೊಟ್ಟೆ, ಸಾವಿರ ಕಿಲೋಮೀಟರ್

ಅಕ್ವೇರಿಯಂನಲ್ಲಿ ಸಾಕುವ ಚೆರ್ರಿ ಸಿಗಡಿಯಲ್ಲಿ ಪೂರ್ತಿ ಬೆಳೆದ ಹೆಣ್ಣಿನ ಉದ್ದ ಎರಡೂವರೆ ಸೆಂಟಿಮೀಟರ್. ಅದು ಒಂದು ಸಲಕ್ಕೆ ಹೊರುವ ಮೊಟ್ಟೆ ಇಪ್ಪತ್ತರಿಂದ ಮೂವತ್ತು. ಕೇರಳದ ವೆಂಬನಾಡು ಹಿನ್ನೀರಿನ ದೊಡ್ಡ ಸಿಹಿನೀರು ಸಿಗಡಿ ಹೊರುವುದು 80,000ದಿಂದ ಒಂದು ಲಕ್ಷ! ಎರಡೂ ಸಿಹಿನೀರಿನಲ್ಲಿ ಬೆಳೆಯುವಂಥವೇ. ಆದರೆ ಮನೆಯ ಗಾಜಿನ ತೊಟ್ಟಿಯಲ್ಲಿ ಬಿಟ್ಟು ನೋಡಿ. ಇಪ್ಪತ್ತೈದರವಳ ಸಂಸಾರ ತೊಟ್ಟಿ ತುಂಬುತ್ತದೆ, ಲಕ್ಷದ ಒಡತಿಯ ಒಂದು ಮರಿಯೂ ಉಳಿಯುವುದಿಲ್ಲ.

ಕಾರಣ ಉಪ್ಪು. ದೊಡ್ಡ ಸಿಗಡಿಯ ಮೊಟ್ಟೆಯಿಂದ ಹೊರಬರುವುದು ಮರಿಯಲ್ಲ, ನೀರಿನಲ್ಲಿ ತೇಲುವ ಲಾರ್ವಾ. ಅದು ಹನ್ನೊಂದು ಹಂತ ದಾಟಿದ ಮೇಲಷ್ಟೇ ಸಿಗಡಿಯ ರೂಪ. ಅಷ್ಟೂ ಕಾಲ ಅದಕ್ಕೆ ಲೀಟರಿಗೆ ಸುಮಾರು 12 ಗ್ರಾಂ ಉಪ್ಪಿರುವ ನೀರು ಬೇಕು. ಸಮುದ್ರದಲ್ಲಿ ಇರುವುದು 35 ಗ್ರಾಂ. ಈ ಗುಟ್ಟು 1961ರಲ್ಲಿ ಮಲೇಷ್ಯಾದಲ್ಲಿ ಶಾವೊ ವೆನ್ ಲಿಂಗ್ ಎಂಬ ವಿಜ್ಞಾನಿಗೆ ಸಿಗುವವರೆಗೂ ಆ ಸಿಗಡಿಯನ್ನು ಸಾಕಣೆಯಲ್ಲಿ ಮರಿ ಮಾಡಿಸಲು ಆಗಿರಲಿಲ್ಲ. ಜಪಾನಿನ ತಕಾಶಿ ಅಮಾನೊ ಪಾಚಿ ತಿನ್ನಿಸಲೆಂದು ತಮ್ಮ ಅಕ್ವೇರಿಯಂಗಳಿಗೆ ಬಿಟ್ಟು ಜಗತ್ತಿಗೆಲ್ಲ ಪರಿಚಯಿಸಿದ ಅಮಾನೊ ಸಿಗಡಿಯದ್ದೂ ಇದೇ ಕಥೆ. ಸಾವಿರದ ಮೇಲೆ ಮೊಟ್ಟೆ ಇಡುತ್ತದೆ. ಉಪ್ಪುನೀರು ಸಿಗದಿದ್ದರೆ ಎಲ್ಲವೂ ವ್ಯರ್ಥ.

ಈಗ ಚಿಕ್ಕಮಗಳೂರಿನ ಕಾಫಿ ಸೀಮೆಯ ಮಲ್ಲಂದೂರಿನಲ್ಲಿ ನಿಂತು ಸಮುದ್ರದ ದಾರಿ ಅಳೆಯೋಣ. ಕಾಗೆ ಹಾರುವ ಲೆಕ್ಕದಲ್ಲಿ ಅರಬ್ಬಿ ಸಮುದ್ರ ನೂರು ಕಿಲೋಮೀಟರಿನ ಆಸುಪಾಸು. ಆದರೆ ಇಲ್ಲಿನ ಹಳ್ಳದ ನೀರು ಆ ಕಡೆ ತಿರುಗುವುದೇ ಇಲ್ಲ. ಮುತ್ತೋಡಿ ಕಾಡಿನ ಸೋಮವಾಹಿನಿ ಸೇರಿ, ಭದ್ರೆಯಾಗಿ, ಕೂಡ್ಲಿಯಲ್ಲಿ ತುಂಗೆಯೊಡನೆ ಬೆರೆತು, ಕೃಷ್ಣೆಯ ಪಾಲಾಗಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ನಡುವೆ ಲಕ್ಕವಳ್ಳಿ, ಹೊಸಪೇಟೆ, ಶ್ರೀಶೈಲ, ನಾಗಾರ್ಜುನಸಾಗರದ ಅಣೆಕಟ್ಟುಗಳು. ಎರಡು ಮಿಲಿಮೀಟರಿನ ಲಾರ್ವಾ ಅಷ್ಟು ದೂರ ಹೋಗಿ, ಬೆಳೆದು, ಮತ್ತೆ ಹೊಳೆ ಹತ್ತಿ ಬರುವ ಮಾತೇ ಇಲ್ಲ.

ಹಾಗಾಗಿ ಬೆಟ್ಟದ ಹಳ್ಳದಲ್ಲೇ ಹುಟ್ಟಿ ಅಲ್ಲೇ ಸಾಯುವ ಸಿಗಡಿಗಳು ಸಮುದ್ರದ ಆಸೆ ಬಿಟ್ಟಿವೆ. ಮೊಟ್ಟೆಯ ಸಂಖ್ಯೆ ಇಳಿಸಿ ಗಾತ್ರ ಏರಿಸಿವೆ. ತೈವಾನ್, ಚೀನಾ ಕಡೆಯ ಚೆರ್ರಿ ಸಿಗಡಿಯೂ ಇದೇ ಗುಂಪಿನದು. ಅದರ ಮೊಟ್ಟೆ ಒಂದು ಮಿಲಿಮೀಟರಿಗೂ ತುಸು ಹೆಚ್ಚು, ಅಂದರೆ ತಾಯಿಯ ಉದ್ದದ ಇಪ್ಪತ್ತೈದರಲ್ಲಿ ಒಂದು ಪಾಲು. ಲಕ್ಷ ಮೊಟ್ಟೆಯ ಸಿಗಡಿಯಲ್ಲಿ ಅದು ಮುನ್ನೂರರಲ್ಲಿ ಒಂದು ಪಾಲಿನಷ್ಟೂ ಬಾರದು. ಗಾಜಿಗೆ ಮುಖ ಹತ್ತಿರ ತಂದು ನೋಡಿದರೆ ಹೆಣ್ಣಿನ ಹೊಟ್ಟೆಯಡಿ ಹಳದಿ ಮೊಟ್ಟೆಗಳ ಗೊಂಚಲು ಕಾಣುತ್ತದೆ. ಐದು ಜೊತೆ ಈಜುಕಾಲುಗಳು ಅದಕ್ಕೆ ಹಗಲಿರುಳು ಗಾಳಿ ಹಾಕುತ್ತಿರುತ್ತವೆ. ದಿನ ಕಳೆದಂತೆ ಒಳಗೆ ಕಪ್ಪು ಕಣ್ಣಿನ ಚುಕ್ಕೆಗಳು. ಮೂರ್ನಾಲ್ಕು ವಾರಕ್ಕೆ ಹೊರಬೀಳುವುದು ಲಾರ್ವಾ ಅಲ್ಲ, ಮೀಸೆ ಸಮೇತ ಎರಡು ಮಿಲಿಮೀಟರಿನ ಪೂರ್ಣ ಸಿಗಡಿ. ಹುಟ್ಟಿದ ದಿನವೇ ಪಾಚಿ ಕೆರೆಯತೊಡಗುತ್ತದೆ.

ಈ ಮರಿ ಎರಡು, ಎರಡೂವರೆ ತಿಂಗಳಿಗೆ ಪ್ರಾಯಕ್ಕೆ ಬರುತ್ತದೆ. ಒಂದು ಲೆಕ್ಕ ಹಾಕಿ. ಐದು ಗಂಡು, ಐದು ಹೆಣ್ಣು. ಮೂರು ತಿಂಗಳಿಗೆ ಒಂದೇ ಸೂಲು, ಅದರಲ್ಲಿ ಇಪ್ಪತ್ತು ಮರಿ ಉಳಿದು ಅರ್ಧ ಹೆಣ್ಣು, ಯಾವುದೂ ಸಾಯುವುದಿಲ್ಲ ಎಂದುಕೊಳ್ಳಿ. ಮೂರು ತಿಂಗಳಿಗೊಮ್ಮೆ ಸಂಖ್ಯೆ ಹನ್ನೊಂದು ಪಟ್ಟು. ಹತ್ತು ನೂರಹತ್ತಾಗಿ, ನೂರಹತ್ತು 1,210 ಆಗಿ, ವರ್ಷದ ಕೊನೆಗೆ 1,46,410. ಎರಡನೆಯ ವರ್ಷ ಮುಗಿದಾಗ 214 ಕೋಟಿ. ಭಾರತದ ಜನಸಂಖ್ಯೆಯೂ ಅದರ ಕೆಳಗೇ ಉಳಿಯಿತು.

ತೊಟ್ಟಿಯಲ್ಲಿ ಹಾಗಾಗುವುದಿಲ್ಲ. ಪಾಚಿ, ಮೇವು, ಕಶ್ಮಲ ಅರಗಿಸುವ ಬ್ಯಾಕ್ಟೀರಿಯಾ ಎಲ್ಲಕ್ಕೂ ಮಿತಿಯಿದೆ. ನಲವತ್ತು ಲೀಟರಿನ ತೊಟ್ಟಿ ನೂರಿನ್ನೂರಕ್ಕೇ ಸುಸ್ತಾಗುತ್ತದೆ. ಆಗ ಹೆಚ್ಚಾದವನ್ನು ಹಳ್ಳಕ್ಕೆ ಬಿಡುವ ಯೋಚನೆ ಬಂದರೆ ಮೇಲಿನ ಲೆಕ್ಕ ನೆನಪಿಸಿಕೊಳ್ಳಬೇಕು. ಹವಾಯಿಯಲ್ಲೂ ಜರ್ಮನಿಯಲ್ಲೂ ಇದೇ ಸಿಗಡಿ ಹೊರಗಿನ ನೀರಿನಲ್ಲಿ ಬೀಡುಬಿಟ್ಟಿದೆ. ಪಶ್ಚಿಮಘಟ್ಟದ ಹಳ್ಳಗಳಲ್ಲಿ ನಮ್ಮವೇ ಸಣ್ಣ ಸಿಗಡಿಗಳಿವೆ. ಅವಕ್ಕೆ ಈ ನೆಂಟರು ಬೇಡ.

214 ಕೋಟಿಗೆ ಏರಬಲ್ಲ ಈ ಜೀವಿಯನ್ನು ನಿಲ್ಲಿಸಲು ಎಷ್ಟು ತಾಮ್ರ ಸಾಕು? ಮೆದು ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಇದ್ದರೂ ಅಪಾಯ. ಸೋಜಿಗವೆಂದರೆ ಸಿಗಡಿಯ ರಕ್ತ ನಡೆಯುವುದೇ ತಾಮ್ರದಿಂದ. ನಮ್ಮಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅಲ್ಲಿ ತಾಮ್ರ ಮಾಡುತ್ತದೆ, ಒಂದು ಆಮ್ಲಜನಕದ ಅಣುವನ್ನು ಹಿಡಿಯಲು ಎರಡು ತಾಮ್ರದ ಪರಮಾಣು. ಬೇಕಾದದ್ದು ಅಷ್ಟೇ, ತುಸು ಹೆಚ್ಚಾದರೆ ಅದೇ ವಿಷ.

ಮಲ್ಲಂದೂರಿನಲ್ಲಿ ತಾಮ್ರ ಎಂದರೆ ಮೈಲುತುತ್ತ. ಕಾಫಿಯ ಎಲೆ ತುಕ್ಕಿಗೆ ಮಳೆಗೆ ಮುಂಚೆ ಹೊಡೆಯುವ ಅರ್ಧ ಪರ್ಸೆಂಟ್ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಅರ್ಧ ಕೆ.ಜಿ. ಮೈಲುತುತ್ತ. ಅದರಲ್ಲಿ ಕಾಲು ಭಾಗ ತಾಮ್ರ. ಅಂದರೆ ಲೀಟರಿಗೆ ಸುಮಾರು 1,270 ಮಿಲಿಗ್ರಾಂ. ಸುಣ್ಣ ಬೆರೆತ ಮೇಲೆ ಬಹುಪಾಲು ಎಲೆಗೆ ಅಂಟಿ ಒಣಗುತ್ತದೆ, ಎಲ್ಲವೂ ನೀರಿನಲ್ಲಿ ಕರಗಿರುವುದಿಲ್ಲ ನಿಜ. ಆದರೂ ಪೂರ್ತಿ ಕರಗಿದರೆ ಎಂಬ ಲೆಕ್ಕದಲ್ಲಿ ಮೂರು ಮಿಲಿಲೀಟರಿಗಿಂತ ತುಸು ಹೆಚ್ಚು, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ ಬೋರ್ಡೋ ನಲವತ್ತು ಲೀಟರಿನ ತೊಟ್ಟಿಯನ್ನು ಆ ಮಿತಿಗೆ ತರುತ್ತದೆ. ಡ್ರಮ್ಮಿನ ತಳದಲ್ಲಿ ಉಳಿದ ಒಂದು ಲೀಟರ್ 12,700 ಲೀಟರ್ ನೀರಿಗೆ ಸಾಕು.

ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತಾಮ್ರದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯಿದೆ. ಅದರ ಇಪ್ಪತ್ತರಲ್ಲಿ ಒಂದು ಪಾಲಿಗೇ ಸಿಗಡಿ ಮಗುಚಿಕೊಳ್ಳುತ್ತದೆ. ಮನುಷ್ಯ ಕುಡಿದು ಬದುಕಿದ ಎಂದಮಾತ್ರಕ್ಕೆ ಹಳ್ಳದ ನೀರು ಒಳ್ಳೆಯದೆಂದು ಹೇಳಲಾಗದು. ಬೋರ್ಡೋ ಹೊಡೆದ ಕೈಯನ್ನು ತೊಟ್ಟಿಗೆ ಹಾಕಬಾರದು. ಅದಕ್ಕಿಂತ ಮುಖ್ಯ, ಸ್ಪ್ರೇ ಪಂಪು, ಡ್ರಮ್ಮುಗಳನ್ನು ಹಳ್ಳದಲ್ಲಿ ತೊಳೆಯಬಾರದು. ಸಮುದ್ರದಿಂದ ಲಕ್ಷಗಟ್ಟಲೆ ಮರಿ ಬಂದು ಅಲ್ಲಿನ ನಷ್ಟ ತುಂಬಿಕೊಡುವುದಿಲ್ಲ. ಅಲ್ಲಿ ಇರುವುದು ಇಪ್ಪತ್ತೈದೇ ಮೊಟ್ಟೆಯ ತಾಯಂದಿರು.