ಸಹಿ ಹಾಕುವ ಮೊದಲು ಸಾಲದ ಕಾಗದವನ್ನು ಕೇಳೋಣ: ಫೋನಿನ ಹೊಸ ಸಹಾಯಕ



ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲೂಕಿನ ಸಂಘಗಳ ಸಭೆಗೆ ಬಂದಾಗ ನಾವು ಒಂದು ಮಾತನ್ನು ಮತ್ತೆ ಮತ್ತೆ ಕೇಳುತ್ತೇವೆ: “ಸಿಸ್ಟರ್, ಸಹಿ ಮಾಡು ಅಂದ್ರು, ಮಾಡಿದೆ. ಕಾಗದದಾಗ ಏನೈತಿ ಅಂತ ಯಾರು ಓದ್ಯಾರ್ರಿ?” ಸಂಘದ ಠರಾವು ಪುಸ್ತಕವನ್ನು ಓದಿಸಿ ಕೇಳಿದ ಮೇಲೆಯೇ ನೀವು ಸಹಿ ಹಾಕುತ್ತೀರಿ. ಆದರೆ ಹೊರಗಿನ ಸಾಲದ ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತುತ್ತೀರಿ. ತಪ್ಪು ನಿಮ್ಮದಷ್ಟೇ ಅಲ್ಲ. ಕಾಗದ ಉದ್ದ, ಅಕ್ಷರ ಸಣ್ಣ, ಎದುರಿಗೆ ಕೂತವರಿಗೆ ಅವಸರ.

ಈಗ ಮಗಳ ಫೋನಿನಲ್ಲಿಯೇ ಇದಕ್ಕೊಂದು ಸಹಾಯ ಸಿಗುತ್ತದೆ. ಅದು ಏನು, ಅದನ್ನು ಎಷ್ಟು ನಂಬಬೇಕು ಎಂದು ತಿಳಿಯೋಣ.

ಇದು ಏನು?

ಕೃತಕ ಬುದ್ಧಿಮತ್ತೆಯ ಸಹಾಯಕ ಎನ್ನುತ್ತಾರೆ. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂತು. ಗೂಗಲ್ ಕಂಪನಿಯ ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಕನ್ನಡ ಸೇರಿ 9 ಭಾರತೀಯ ಭಾಷೆಗಳಲ್ಲಿ ನಮ್ಮ ದೇಶಕ್ಕೆ ಬಂತು. ಇವುಗಳಿಗೆ ಕಾಗದದ ಫೋಟೊ ಅಥವಾ ಪಿಡಿಎಫ್ ಕೊಟ್ಟು, ಅದರ ಬಗ್ಗೆ ಕನ್ನಡದಲ್ಲಿ ಪ್ರಶ್ನೆ ಕೇಳಬಹುದು. ಕಾಗದ ಇಂಗ್ಲಿಷಿನಲ್ಲಿದ್ದರೂ ನಡೆಯುತ್ತದೆ. ಗೂಗಲ್‌ನದೇ ಆದ ನೋಟ್‌ಬುಕ್ ಎಲ್‌ಎಂ ಎಂಬುದನ್ನು ನೀವು ಕೊಟ್ಟ ಕಾಗದದೊಳಗಿಂದಲೇ ಉತ್ತರ ಹುಡುಕಿ, ಎಲ್ಲಿಂದ ತೆಗೆಯಿತು ಎಂದು ಗುರುತು ತೋರಿಸಲಿಕ್ಕೆಂದೇ ಮಾಡಿದ್ದಾರೆ.

ಇದನ್ನು ಊರಿನಲ್ಲಿ ಕಾಗದ ಓದಿ ಹೇಳುವ ಮಾಸ್ತರರಿಗೆ ಹೋಲಿಸಬಹುದು. ಆದರೆ ಒಂದು ವ್ಯತ್ಯಾಸವಿದೆ. ತಿಳಿಯದಿದ್ದರೆ ಮಾಸ್ತರರು “ಗೊತ್ತಿಲ್ಲವ್ವ” ಅಂತಾರೆ. ಈ ಯಂತ್ರ ತಿಳಿಯದಿದ್ದರೂ ಧೈರ್ಯವಾಗಿ ಏನಾದರೂ ಹೇಳಿಬಿಡಬಹುದು.

ಕಾಗದ ಮೊದಲು, ಸಹಿ ಆಮೇಲೆ

ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಸಾಲ ಕೊಡುವ ಮೊದಲು ಮುಖ್ಯ ಅಂಶಗಳ ಪತ್ರವನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು 2024ರಲ್ಲಿ ಆದೇಶಿಸಿತು. 2024ರ ಅಕ್ಟೋಬರ್ 1ರ ನಂತರದ ಹೊಸ ಸಾಲಗಳಿಗೆ ಇದು ಕಡ್ಡಾಯ. ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಅದು ಇರಬೇಕು. ಒಂದು ವಾರಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ ಒಪ್ಪಲು ಕನಿಷ್ಠ 3 ಕೆಲಸದ ದಿನಗಳ ಸಮಯ ಕೊಡಬೇಕು. ಆದ್ದರಿಂದ “ಈಗಲೇ ಸಹಿ ಹಾಕು” ಅಂದರೆ, “ಕಾಗದ ಕೊಡ್ರಿ, ಓದಿಸಿಕೊಂಡು ಬರ್ತೀನಿ” ಎನ್ನಿ. ಆ ಮೂರು ದಿನ ಇರುವುದೇ ಇದಕ್ಕೆ.

ಕೇಳುವ ಕ್ರಮ

1. ಬೆಳಕಿನಲ್ಲಿ ಕಾಗದವನ್ನು ಚಪ್ಪಟೆ ಹಾಸಿ, ಎಲ್ಲ ಪುಟಗಳ ಫೋಟೊ ತೆಗೆಯಿರಿ. ಹಿಂದಿನ ಪುಟ ಮರೆಯಬೇಡಿ.
2. ಆಧಾರ್ ನಂಬರು, ಖಾತೆ ನಂಬರು, ಫೋನ್ ನಂಬರು ಇರುವಲ್ಲಿ ಚೀಟಿ ಮುಚ್ಚಿ ಫೋಟೊ ತೆಗೆಯಿರಿ.
3. ಆ್ಯಪ್‌ನಲ್ಲಿ ಕೂಡಿಸು ಗುರುತು ಒತ್ತಿ ಫೋಟೊ ಸೇರಿಸಿ.
4. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಜೊತೆಗೆ ಹೀಗೆ ಹೇಳಿ: “ಈ ಕಾಗದದಲ್ಲಿ ಇದ್ದದ್ದನ್ನಷ್ಟೇ ಹೇಳು. ಯಾವ ಪುಟ, ಯಾವ ಸಾಲು ತೋರಿಸು. ಇಲ್ಲದಿದ್ದರೆ ಇಲ್ಲ ಅನ್ನು.”
5. ಅದು ಹೇಳಿದ ಸಾಲನ್ನು ಕಾಗದದಲ್ಲಿ ಹುಡುಕಿ ಬೆರಳಿಡಿ. ಸಾಲು ಸಿಗದಿದ್ದರೆ ಆ ಉತ್ತರ ಬಿಟ್ಟುಬಿಡಿ.

ಐದನೆಯದೇ ಎಲ್ಲಕ್ಕಿಂತ ಮುಖ್ಯ. ಯಂತ್ರ ಮೊದಲು ಫೋಟೊದಿಂದ ಅಕ್ಷರ ಗುರುತಿಸುತ್ತದೆ. ಮಸುಕಾದ 3 ಅದಕ್ಕೆ 8 ಆಗಿ ಕಾಣಬಹುದು. ಕೈಬರಹದಲ್ಲಿ ಇನ್ನೂ ಹೆಚ್ಚು ತಪ್ಪುತ್ತದೆ.

ಏನು ಕೇಳಬೇಕು?

ಒಂದು ಲೆಕ್ಕ ನೋಡೋಣ. ಸಾಲ 50,000 ರೂಪಾಯಿ, ಬಡ್ಡಿ ವರ್ಷಕ್ಕೆ ಶೇ. 24, ತಿಂಗಳಿಗೆ 2,650ರಂತೆ 24 ಕಂತು ಎಂದುಕೊಳ್ಳಿ. ಶುಲ್ಕ ಮತ್ತು ತೆರಿಗೆ 590, ವಿಮೆ 1,200 ಮೊದಲೇ ಹಿಡಿದರೆ ಕೈಗೆ ಬರುವುದು 48,210. ತಿರುಗಿ ಕಟ್ಟುವುದು 63,600. ಅಂದರೆ 15,390 ಹೆಚ್ಚು. ಹಿಡಿದ ಹಣವನ್ನೂ ಸೇರಿಸಿದರೆ ವರ್ಷದ ನಿಜವಾದ ದರ ಶೇ. 28ರ ಹತ್ತಿರ ಹೋಗುತ್ತದೆ. ಬಾಯಿಮಾತಿನಲ್ಲಿ 24 ಅಂತಾರೆ. ಎಲ್ಲ ಖರ್ಚು ಸೇರಿದ ವಾರ್ಷಿಕ ದರವನ್ನು ಆ ಪತ್ರದಲ್ಲಿ ಬರೆಯಲೇಬೇಕು. ಆದ್ದರಿಂದ ಹೀಗೆ ಕೇಳಿ:

– ನನ್ನ ಕೈಗೆ ಎಷ್ಟು ಬರುತ್ತದೆ? ಏನೇನು ಹಿಡಿಯುತ್ತಾರೆ?
– ಒಟ್ಟು ಎಷ್ಟು ಕಟ್ಟಬೇಕು? ಎಲ್ಲ ಖರ್ಚು ಸೇರಿ ವಾರ್ಷಿಕ ದರ ಎಷ್ಟು?
– ಅವಧಿಗೆ ಮೊದಲೇ ತೀರಿಸಿದರೆ ದಂಡ ಇದೆಯೇ?
– ಕಂತು ತಪ್ಪಿದರೆ ದಂಡ ಯಾವ ಮೊತ್ತದ ಮೇಲೆ?
– ವಿಮೆಗೆ ನಾನು ಒಪ್ಪಿದ್ದೇನೆಂದು ಎಲ್ಲಿ ಬರೆದಿದೆ?

ಉತ್ತರವನ್ನು ಯಾವುದಕ್ಕೆ ಹೋಲಿಸಬೇಕು? ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯದ ಕುಟುಂಬಕ್ಕೆ ಅಡವು ಇಲ್ಲದೆ ಕೊಡುವ ಕಿರುಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮಗಳು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಅವುಗಳ ಪ್ರಕಾರ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ದಂಡ ಹಾಕುವುದಾದರೆ ಬಾಕಿ ಉಳಿದ ಕಂತಿನ ಮೇಲೆ ಮಾತ್ರ, ಪೂರ್ತಿ ಸಾಲದ ಮೇಲಲ್ಲ. ವಿಮೆಗೆ ನಿಮ್ಮ ಪೂರ್ಣ ಒಪ್ಪಿಗೆ ಬೇಕು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು, ಮುಂದೆ ಅದು ಕಾಯಿದೆಯಾಯಿತು.

ಎಚ್ಚರಿಕೆಯ ಮಾತು

ಫೋನಿಗೆ ಹಾಕಿದ ಕಾಗದ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಆದ್ದರಿಂದ ಇನ್ನೊಬ್ಬ ಸದಸ್ಯೆಯ ಕಾಗದವನ್ನು ಅವಳ ಒಪ್ಪಿಗೆ ಇಲ್ಲದೆ ಹಾಕಬೇಡಿ. ಸಂಘದ ಪುಸ್ತಕವಾದರೆ ಸಭೆಯಲ್ಲಿ ಠರಾವು ಮಾಡಿ. ಓಟಿಪಿ, ಪಿನ್ ಯಾರಿಗೂ ಬೇಡ, ಯಂತ್ರಕ್ಕೂ ಬೇಡ.

ನಾಳೆ ತಕರಾರು ಬಂದರೆ “ಫೋನ್ ಹೀಗ ಹೇಳಿತ್ರಿ” ಎಂಬ ಮಾತು ನಡೆಯುವುದಿಲ್ಲ. ನಡೆಯುವುದು ಕಾಗದದ ಸಾಲು. ಸಂಶಯ ಉಳಿದರೆ ಸಹಿ ಹಾಕದೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ಕಾನೂನು ನೆರವು ಉಚಿತ. ಸಹಾಯವಾಣಿ 15100. ಬ್ಯಾಂಕು, ಫೈನಾನ್ಸ್ ಮೇಲಿನ ದೂರಿನ ಬಗ್ಗೆ ಕೇಳಲು ರಿಸರ್ವ್ ಬ್ಯಾಂಕಿನ ನಂಬರು 14448.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮಲ್ಲಿ ಎಷ್ಟು ಜನರ ಹತ್ತಿರ ಸಾಲದ ಕಾಗದದ ಪ್ರತಿ ಇದೆ? ಇಲ್ಲದವರು ಯಾವಾಗ ಕೇಳುತ್ತೀರಿ?
2. ಮೇಲಿನ ಐದು ಪ್ರಶ್ನೆಗಳಿಗೆ ನಿಮ್ಮ ಕಾಗದದಲ್ಲಿ ಉತ್ತರ ಸಿಕ್ಕಿತೇ?
3. ಕಾಗದ ಓದಿಸಲು ಸಂಘದಲ್ಲಿ ಓದು ಬಲ್ಲ ಒಬ್ಬರು, ಫೋನು ಬಲ್ಲ ಒಬ್ಬರು ಯಾರಾಗುತ್ತೀರಿ?

ಮುಂದಿನ ತಿಂಗಳ ಸಭೆಗೆ ನಿಮ್ಮ ಸಾಲದ ಕಾಗದ ತಗೊಂಡು ಬರ್ರಿ. ಕೂಡಿ ಓದೋಣ.