ಸಮುದಾಯ ಚಿತ್ರ ಪ್ರದರ್ಶನ: ಪರದೆ ಆರಿದ ಮೇಲೆ ಆರಂಭವಾಗುವ ಕೆಲಸ

ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಮೊಬೈಲ್‌ಗಳಲ್ಲಿ ನಾಲ್ಕು ಚಿತ್ರ ನೋಡುವ ಕಾಲವಿದು. ಚಿತ್ರಗಳಿಗೆ ಬರವಿಲ್ಲ, ನೋಡಿದ್ದನ್ನು ನೆರೆಯವರೊಡನೆ ಹಂಚಿಕೊಳ್ಳುವ ಅವಕಾಶಕ್ಕೆ ಬರ ಬಂದಿದೆ. ಶಾಲೆಯ ಅಂಗಳದಲ್ಲೋ ಸಮುದಾಯ ಭವನದಲ್ಲೋ ಜನರು ಒಟ್ಟಿಗೆ ಕುಳಿತು ಚಿತ್ರ ನೋಡಿ, ಬಳಿಕ ಚರ್ಚಿಸುವ ಹಳೆಯ ಪದ್ಧತಿ ಈ ಕಾರಣಕ್ಕೇ ಮತ್ತೆ ಮಹತ್ವ ಪಡೆಯುತ್ತದೆ. ಚಿತ್ರವೊಂದರಿಂದಲೇ ಸಮಾಜ ಬದಲಾಗದು. ಅದರ ಹಿಂದಿನ ಸಿದ್ಧತೆ ಹಾಗೂ ಅನಂತರದ ಮಾತುಕತೆಯಿಂದ ಬದಲಾವಣೆ ಸಾಧ್ಯ ಎಂಬುದಕ್ಕೆ ಮೂರು ಪ್ರಯೋಗಗಳು ಸಾಕ್ಷಿಯಾಗಿವೆ.

ಹೆಗ್ಗೋಡಿನ ಪ್ರಯೋಗ

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಂ, 1973ರಲ್ಲಿ ಚಿತ್ರಸಮಾಜವನ್ನು ಸ್ಥಾಪಿಸಿತು. ಆ ವೇಳೆಗೆ ದೇಶದ ಚಿತ್ರಸಮಾಜಗಳು ಬಹುತೇಕ ನಗರಗಳಿಗೆ ಸೀಮಿತವಾಗಿದ್ದವು. ಹಳ್ಳಿಗರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳು ಅರ್ಥವಾಗವು ಎಂಬ ನಂಬಿಕೆಯನ್ನು ಕೆ.ವಿ. ಸುಬ್ಬಣ್ಣ ಒಪ್ಪಲಿಲ್ಲ. ಸತ್ಯಜಿತ್ ರೇ, ಅಕಿರ ಕುರೊಸಾವಾ ಅವರಂತಹವರ ಚಿತ್ರಗಳನ್ನು ಅಡಿಕೆ ಬೆಳೆಗಾರರೂ ಕೂಲಿಕಾರರೂ ಒಂದೆಡೆ ಕುಳಿತು ನೋಡಿದರು. ಪರಭಾಷಾ ಚಿತ್ರಗಳಿಗೆ ಕನ್ನಡದ ವಿವರಣೆ ಜೊತೆಗಿತ್ತು. ಚಲನಚಿತ್ರ ರಸಗ್ರಹಣ ಶಿಬಿರಗಳೂ ನಡೆದವು. 1983ರಲ್ಲಿ ಆರಂಭವಾದ 'ಜನಸ್ಪಂದನ' ಯೋಜನೆಯ ಮೂಲಕ ನಾಟಕ ಹಾಗೂ ಚಿತ್ರಗಳು ರಾಜ್ಯದ ಇತರ ಊರುಗಳನ್ನೂ ತಲುಪಿದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಪ್ರೇಕ್ಷಕರ ಮೇಲಿನ ವಿಶ್ವಾಸವೇ ಈ ಪ್ರಯೋಗದ ಬಂಡವಾಳವಾಗಿತ್ತು.

ಹಾಲಿನ ಕಥೆ, ಹಾಲಿನ ಸಂಘ

ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ನೀಡಿ ನಿರ್ಮಿಸಿದ ಚಿತ್ರ ಶ್ಯಾಮ್ ಬೆನಗಲ್ ನಿರ್ದೇಶನದ 'ಮಂಥನ' (1976). ಕನ್ನಡಿಗರಾದ ಗಿರೀಶ ಕಾರ್ನಾಡ ಹಾಗೂ ಅನಂತನಾಗ್ ಅದರಲ್ಲಿ ನಟಿಸಿದ್ದರು. ಚಿತ್ರಮಂದಿರಗಳಿಂದ ಹೊರಬಂದ ಮೇಲೂ ಅದರ ಕೆಲಸ ಮುಗಿಯಲಿಲ್ಲ. ವರ್ಗೀಸ್ ಕುರಿಯನ್ ಅದನ್ನು ಬೇರೆ ಬೇರೆ ಹಳ್ಳಿಗಳಲ್ಲಿ ತೋರಿಸುವ ವ್ಯವಸ್ಥೆ ಮಾಡಿದರು. ಚಿತ್ರದ ಜೊತೆಗೆ ಪಶುವೈದ್ಯರೂ ಮೇವಿನ ತಜ್ಞರೂ ತೆರಳುತ್ತಿದ್ದರು. ಸಹಕಾರ ಸಂಘ ಕಟ್ಟುವ ಆಸೆ ಮೂಡಿದ ಕ್ಷಣದಲ್ಲೇ, ದಾರಿ ತೋರುವವರೂ ಎದುರಿಗಿರುತ್ತಿದ್ದರು.

ದ್ವೀಪದ ಜನರ ದನಿ

ಕೆನಡಾದ ಫೋಗೊ ದ್ವೀಪದ್ದು ಇನ್ನೊಂದು ಬಗೆ. ಮೀನುಗಾರಿಕೆ ಕುಸಿದಿದ್ದ ಆ ದ್ವೀಪದ ಜನರನ್ನು ಬೇರೆಡೆಗೆ ಸ್ಥಳಾಂತರಿಸುವ ಮಾತು ನಡೆದಿತ್ತು. 1967ರಲ್ಲಿ ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ನಿರ್ದೇಶಕ ಕಾಲಿನ್ ಲೋ, ನಿವಾಸಿಗಳ ಮಾತುಗಳನ್ನು ಕಿರುಚಿತ್ರಗಳಾಗಿ ದಾಖಲಿಸಿ ಅವರಿಗೇ ತೋರಿಸಿದರು. ಪರಸ್ಪರ ದೂರವಿದ್ದ ಹಳ್ಳಿಗಳಿಗೆ ತಮ್ಮ ಕಷ್ಟ ಒಂದೇ ಎಂಬುದು ಮನದಟ್ಟಾಯಿತು. ಅಧಿಕಾರಸ್ಥರೂ ಆ ಚಿತ್ರಗಳನ್ನು ನೋಡಿ ಉತ್ತರಿಸಿದರು. ಜನರು ದ್ವೀಪದಲ್ಲೇ ಉಳಿದು ಮೀನುಗಾರರ ಸಹಕಾರ ಸಂಘ ಕಟ್ಟಿಕೊಂಡರು.

ಪ್ರದರ್ಶನಕ್ಕೆ ಬೇಕಾದದ್ದು

ಪ್ರೊಜೆಕ್ಟರ್, ಬಿಳಿಯ ಪರದೆ, ಎಲ್ಲರಿಗೂ ಕೇಳಿಸುವ ಧ್ವನಿವರ್ಧಕ ಇದ್ದರೆ ಪ್ರದರ್ಶನಕ್ಕೆ ಸಾಕು. ಆದರೆ ಮನೆ ಬಳಕೆಯ ಒಟಿಟಿ ಚಂದಾದಿಂದ ಸಾರ್ವಜನಿಕ ಪ್ರದರ್ಶನದ ಹಕ್ಕು ಸಿಗದು. ಹಕ್ಕುದಾರರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯುವುದು ಕ್ಷೇಮ.

ಚಿತ್ರದ ಆಯ್ಕೆ ಊರಿನ ಪ್ರಶ್ನೆಗೆ ಹತ್ತಿರವಾಗಿರಬೇಕು. ಕೆರೆ ಒತ್ತುವರಿ ಕಾಡುವ ಬಡಾವಣೆಯಲ್ಲಿ ನೀರಿನ ಚಿತ್ರಕ್ಕೆ ಸಿಗುವ ಸ್ಪಂದನವೇ ಬೇರೆ. ಚರ್ಚೆಗೆ ಅರ್ಧ ಗಂಟೆಯಾದರೂ ಮೀಸಲಿರಬೇಕು. ಭಾಷಣಕಾರರಿಗಿಂತ ಪ್ರಶ್ನೆ ಕೇಳಬಲ್ಲ ನಿರ್ವಾಹಕರು ಅಲ್ಲಿ ಉಪಯುಕ್ತರು. ಹಿಂದಿನ ಸಾಲಿನ ಮಹಿಳೆಯರು, ಬಾಡಿಗೆದಾರರು, ಪೌರಕಾರ್ಮಿಕರು ಮಾತನಾಡುವಂತಾಗಬೇಕು. ಮುಂದಿನ ಸಭೆಯ ದಿನವನ್ನು ಅಲ್ಲೇ ನಿಗದಿಪಡಿಸದಿದ್ದರೆ ಉತ್ಸಾಹ ಮನೆ ಸೇರುವಷ್ಟರಲ್ಲೇ ಇಳಿದುಹೋಗುತ್ತದೆ.

ವರ್ಷಕ್ಕೊಂದು ಅದ್ದೂರಿ ಉತ್ಸವಕ್ಕಿಂತ ತಿಂಗಳಿಗೊಂದು ಸರಳ ಪ್ರದರ್ಶನ ಹೆಚ್ಚು ಫಲ ನೀಡೀತು. ಒಂದೇ ಬೀದಿಯಲ್ಲಿದ್ದೂ ಅಪರಿಚಿತರಾಗಿ ಉಳಿದವರು ಹೆಸರು ಹಿಡಿದು ಕರೆಯುವಷ್ಟು ಹತ್ತಿರವಾದರೆ, ಮುಂದೆ ಕೆರೆಗಾಗಿಯೋ ಶಾಲೆಗಾಗಿಯೋ ಒಟ್ಟಾಗುವುದು ಅವರಿಗೆ ಕಷ್ಟವಾಗದು.