ಕೋಟೆಯಿಲ್ಲದ ಫೋರ್ಟ್ ಕೊಚ್ಚಿ

ಶಾಲಾ ಪ್ರವಾಸವೆಂದರೆ ಒಂದೇ ಹಗಲಿನಲ್ಲಿ ಹತ್ತು ಸ್ಥಳಗಳನ್ನು ಕಂಡು, ರಾತ್ರಿ ತೂಕಡಿಸುತ್ತ ಮನೆಗೆ ಮರಳುವುದೆಂಬ ರೂಢಿ ನಮ್ಮಲ್ಲಿ ಬೇರೂರಿದೆ. ಫೋರ್ಟ್ ಕೊಚ್ಚಿಯನ್ನು ಈ ಬಗೆಯಲ್ಲಿ ಕಾಣಲಾಗದು. ಅಲ್ಲಿ ಎರಡು ಮೂರು ದಿನ ತಂಗಿ, ಕಾಲ್ನಡಿಗೆಯಲ್ಲಿ ಸಂಚರಿಸಿ, ಬಿಸಿಲೇರಿದಾಗ ಮರದ ನೆರಳಿನಲ್ಲಿ ಕುಳಿತು ನೋಡತಕ್ಕದ್ದು. ಕಾಸರಗೋಡಿನಿಂದ ಎರ್ನಾಕುಳಂವರೆಗೆ ರೈಲು, ಅಲ್ಲಿಂದ ಹಿನ್ನೀರಿನಲ್ಲಿ ದೋಣಿ; ದಾರಿ ಸುಗಮವಾದದ್ದೇ.

1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಿಂದ ಕೊಡುಂಗಲ್ಲೂರಿನ ಹಳೆಯ ಬಂದರು ಕೆಟ್ಟು, ಕೊಚ್ಚಿಯ ಅಳಿವೆ ತೆರೆಯಿತೆಂದು ಹೇಳುತ್ತಾರೆ. 1500ರಲ್ಲಿ ಪೋರ್ಚುಗೀಸರು ಬಂದರು. ಕಲ್ಲಿಕೋಟೆಯ ಸಾಮೂದಿರಿಗೆ ವಿರೋಧಿಯಾಗಿದ್ದ ಕೊಚ್ಚಿಯ ಅರಸನು ಅವರಿಗೆ 1503ರಲ್ಲಿ ಕೋಟೆ ಕಟ್ಟಲು ಸಮ್ಮತಿಸಿದನು. 1663ರಲ್ಲಿ ಡಚ್ಚರೂ, 1795ರಲ್ಲಿ ಆಂಗ್ಲರೂ ಅದನ್ನು ವಶಪಡಿಸಿಕೊಂಡರು. ಆಂಗ್ಲರು ಕೋಟೆಯನ್ನು ಕೆಡಹಿದರು. ಹೆಸರು ಮಾತ್ರ ಉಳಿಯಿತು. ಇಷ್ಟೆಲ್ಲ ಕಾದಾಟವೂ ಮುಖ್ಯವಾಗಿ ಕರಿಮೆಣಸಿಗಾಗಿ ಎಂಬುದನ್ನು ಮಕ್ಕಳು ನೆನಪಿನಲ್ಲಿಡಬೇಕು. ಬೀದಿಯ ಹಳೆಯ ಬಂಗಲೆಗಳ ಚೆಲುವನ್ನು ಮೆಚ್ಚುವಾಗಲೂ ಅವುಗಳ ಹಿಂದಿನ ಬಲಾತ್ಕಾರವನ್ನು ಮರೆಯುವಂತಿಲ್ಲ.

ಸೇಂಟ್ ಫ್ರಾನ್ಸಿಸ್ ಇಗರ್ಜಿಯಲ್ಲಿ ವಾಸ್ಕೋ ಡ ಗಾಮನ ಸಮಾಧಿಶಿಲೆ ಇದೆ. ಅವನು 1524ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲೇ ತೀರಿಕೊಂಡನು. ಅಸ್ಥಿಗಳನ್ನು ತರುವಾಯ ಪೋರ್ಚುಗಲ್ಲಿಗೆ ಒಯ್ದರು. ಶಿಲೆಯನ್ನು ನೋಡಲು ಎರಡು ನಿಮಿಷ ಸಾಕು. ಸಮೀಪದ ಕಡಲ ತಡಿಯ ಚೀನಾಬಲೆಗಳ ಮುಂದೆ ಅರ್ಧ ದಿನ ಕಳೆದರೂ ನಷ್ಟವಿಲ್ಲ. ಉದ್ದನೆಯ ಮರದ ತೊಲೆಗಳ ತುದಿಯಲ್ಲಿ ಬಲೆ, ಇನ್ನೊಂದು ಬದಿಯಲ್ಲಿ ಹಗ್ಗಗಳಿಂದ ತೂಗಿಬಿಟ್ಟ ದೊಡ್ಡ ಕಲ್ಲುಗಳು. ನಾಲ್ಕಾರು ಮಂದಿ ಹಗ್ಗ ಜಗ್ಗಿದೊಡನೆ ಕಲ್ಲುಗಳು ಇಳಿಯುತ್ತವೆ, ಬಲೆ ಮೇಲೇಳುತ್ತದೆ. ಸನ್ನೆಯ ಪಾಠವನ್ನು ಕರಿಹಲಗೆಯ ಮೇಲೆ ಎಷ್ಟು ಬರೆದರೂ ಇಷ್ಟು ಚೆನ್ನಾಗಿ ತಿಳಿಸಲಾಗದು. ಇದನ್ನು ಚೀನೀಯರೇ ತಂದರೆಂದು ಜನರ ನಂಬಿಕೆ. ಮಕಾವಿನಿಂದ ಪೋರ್ಚುಗೀಸರು ತಂದರೆಂಬ ಅಭಿಪ್ರಾಯವೂ ಉಂಟು.

ಇನ್ನು ಊಟದ ವಿಚಾರ. ಬೆಳಗ್ಗೆ ಅಂಚು ಜಾಲರಿಯಂತಿರುವ ಅಪ್ಪವೂ ತೆಂಗಿನ ಹಾಲಿನ ಇಷ್ಟುವೂ ದೊರೆಯುತ್ತವೆ. ಅಪ್ಪದ ಹಿಟ್ಟನ್ನು ಹಿಂದಿನಿಂದಲೂ ಕಳ್ಳು ಬೆರೆಸಿ ಹುದುಗಿಸುವುದುಂಟು. ಅದು ಹುದುಗಿಗೆ ಮಾತ್ರವಾದುದರಿಂದ ಪಾಲಕರು ಗಾಬರಿಯಾಗಬೇಕಿಲ್ಲ. ‘ಇಷ್ಟು’ ಎಂಬುದು ಇಂಗ್ಲಿಷಿನ ‘ಸ್ಟೂ’. ಅದರೊಳಗಿನ ಬಟಾಟೆ ಅಮೆರಿಕ ಖಂಡದ್ದು, ಅದರ ಹೆಸರು ಪೋರ್ಚುಗೀಸರದು. ತೆಂಗು, ಒಳ್ಳೆಮೆಣಸು ನಮ್ಮ ಕರಾವಳಿಯವು. ‘ಒಳ್ಳೆಮೆಣಸು’ ಎಂದೇಕೆ ಕರೆಯುತ್ತೇವೆಂದು ಮಕ್ಕಳು ಎಂದಾದರೂ ಯೋಚಿಸಿದ್ದುಂಟೇ? ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದುದು ಅದೊಂದೇ ಮೆಣಸು. ಪೋರ್ಚುಗೀಸರ ಹಡಗುಗಳಲ್ಲಿ ಕೆಂಪುಮೆಣಸು ಬಂದು ಆ ಹೆಸರನ್ನೇ ಆಕ್ರಮಿಸಿತು. ಹಳೆಯದನ್ನು ಬೇರೆಯಾಗಿ ಗುರುತಿಸಲು ‘ಒಳ್ಳೆ’ ಎಂಬ ವಿಶೇಷಣ ಬೇಕಾಯಿತು. ಗೇರು, ಅನಾನಸು, ಪರಂಗಿ ಹಣ್ಣು ಇವೂ ಅಮೆರಿಕದ ಮೂಲದವೇ. ಮೇಜು, ಜನೇಲು, ಚಾವಿ, ಪಾದ್ರಿ ಎಂಬ ಮಾತುಗಳೂ ಪೋರ್ಚುಗೀಸಿನಿಂದ ಬಂದು ನಮ್ಮ ಮನೆಗಳಲ್ಲಿ ನೆಲೆಸಿವೆ. ಹೊರಗಿನ ಮಾತುಗಳು ಸೇರಿದುದರಿಂದ ಕನ್ನಡ ಕೆಡಲಿಲ್ಲ. ಆಡುವವರು ಆಡುತ್ತಲೇ ಇದ್ದರು.

ಎರಡನೆಯ ದಿನವನ್ನು ಮಟ್ಟಾಂಚೇರಿಗೆ ಮೀಸಲಿಡಬೇಕು. ಅಲ್ಲಿಯ ‘ಡಚ್ ಅರಮನೆ’ಯನ್ನು ಕಟ್ಟಿಸಿದವರು ಡಚ್ಚರಲ್ಲ, ಪೋರ್ಚುಗೀಸರು, ಡಚ್ಚರು ದುರಸ್ತಿ ಮಾಡಿಸಿದರಷ್ಟೆ. ಒಳಗೋಡೆಗಳ ರಾಮಾಯಣದ ಚಿತ್ರಗಳನ್ನು ನಿಧಾನವಾಗಿ ನೋಡಬೇಕು. ಡಚ್ ಅಧಿಕಾರಿ ವಾನ್ ರೀಡನು ಮಲಬಾರಿನ ಸಸ್ಯಗಳ ಕುರಿತು ಸಿದ್ಧಪಡಿಸಿದ 12 ಸಂಪುಟಗಳು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದವು. ಅದಕ್ಕೆ ನೆರವಾದವರು ಇಟ್ಟಿ ಅಚ್ಯುತನ್ ಎಂಬ ವೈದ್ಯರು, ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರು. ಗೋವೆಯನ್ನು ತೊರೆದು ತೆಂಕಣಕ್ಕೆ ಬಂದ ಕೊಂಕಣಿಗರಲ್ಲಿ ಕೆಲವರು ನಮ್ಮ ಮಂಜೇಶ್ವರದಲ್ಲಿ ನಿಂತರು, ಕೆಲವರು ಕೊಚ್ಚಿಯವರೆಗೂ ಸಾಗಿದರು.

ಅರಮನೆಯ ಬಳಿಯಲ್ಲೇ 1568ರ ಯೆಹೂದ್ಯರ ಪ್ರಾರ್ಥನಾಮಂದಿರವಿದೆ. ನೆಲಕ್ಕೆ ಹಾಸಿದ ಚೀನದ ನೀಲಿ ಚಿತ್ರದ ಬಿಲ್ಲೆಗಳು ಬಹು ಸೊಗಸು. ಆ ಬೀದಿಯಲ್ಲಿ ತಲೆಮಾರುಗಳಿಂದ ಬಾಳಿದ ಯೆಹೂದ್ಯರಲ್ಲಿ ಬಹುಪಾಲು ಮಂದಿ 1948ರ ನಂತರ ಇಸ್ರೇಲಿಗೆ ತೆರಳಿದರು. ಮನೆಗಳು ಅಂಗಡಿಗಳಾಗಿವೆ, ಪ್ರಾರ್ಥನೆಗೆ ಬೇಕಾದ ಹತ್ತು ಮಂದಿ ಗಂಡಸರು ಊರಿನಲ್ಲಿ ಉಳಿದಿಲ್ಲ. ಶುಕ್ರವಾರ ಅರಮನೆಯೂ ಶನಿವಾರ ಈ ಮಂದಿರವೂ ಮುಚ್ಚಿರುತ್ತವೆ. ಆದಕಾರಣ ಹೊರಡುವವರು ವಾರದ ಮೊದಲ ದಿನಗಳನ್ನು ಆರಿಸಿಕೊಳ್ಳುವುದು ಲೇಸು.